ಟಯರ್ ಬದಲಿಸುವ ಮುಂಚೆ ಗಾಳಿ ನೋಡಿ

ಪ್ರಶ್ನೆ: ನಾನು ತಳಿ ಊರಿನ ಕಡೆಯವನು ಸರ್, ಕೆಲಸ ಹೊಸೂರಿನಲ್ಲಿ. ಅಪಾಚೆ ಆರ್‌ಆರ್ 310 ಬೈಕ್ ಇದೆ, ಸಸ್ಪೆನ್ಷನ್ ಅಡ್ಜಸ್ಟ್ ಮಾಡಬಹುದಾದ ಕಿಟ್ ಇರುವ ಗಾಡಿ. ಟಯರ್ ಕಂಪನಿಯಿಂದ ಬಂದದ್ದೇ. ಹೋದ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ಮೊದಲ ಸಲ ಟ್ರ್ಯಾಕ್ ಡೇ (ಸ್ವಂತ ಗಾಡಿಯನ್ನು ಟ್ರ್ಯಾಕ್ ಮೇಲೆ ಓಡಿಸುವ ದಿನ) ಮಾಡಿದೆ. ಬೆಳಿಗ್ಗೆ ಎಲ್ಲಾ ಚೆನ್ನಾಗಿತ್ತು. ಮಧ್ಯಾಹ್ನ ನಾಲ್ಕೈದು ಲ್ಯಾಪ್ ಆದಮೇಲೆ ಬಲಗಡೆ ತಿರುವುಗಳಲ್ಲಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹಿಂದಿನ ಚಕ್ರ ಜಾರೋಕೆ ಶುರುವಾಯಿತು. ಹೊಸೂರಿನಿಂದ ಹೊರಡುವಾಗ ಹಿಂದಿನ ಟಯರಿಗೆ 32 ಪಿಎಸ್ಐ ಗಾಳಿ ಹಾಕಿಸಿದ್ದೆ. ಟ್ರ್ಯಾಕ್ ಬದಿ ಗಾಡಿ ನಿಲ್ಲಿಸುವ ಪಿಟ್‌ನಲ್ಲಿ ಒಬ್ಬರು 20ಕ್ಕೆ ಇಳಿಸು ಅಂದರು. ಇನ್ನೊಬ್ಬರು ಸ್ಲಿಕ್ (ಗೆರೆಗಳಿಲ್ಲದ ರೇಸ್ ಟಯರ್) ಹಾಕು, ಅದನ್ನು ಬಿಸಿ ಮಾಡುವ ವಾರ್ಮರ್ ತಗೋ ಅಂದರು. ಮತ್ತೊಬ್ಬರು ಸ್ಕ್ರೂಡ್ರೈವರ್ ತಂದು ಸಸ್ಪೆನ್ಷನ್ ಗಟ್ಟಿ ಮಾಡಿಕೊಟ್ಟರು. ಆಮೇಲೆ ಇನ್ನೂ ಕೆಟ್ಟಿತು. ನನ್ನ ತೂಕ 84 ಕೆಜಿ. ಅದೇ ಗಾಡಿಯಲ್ಲಿ ಮನೆಗೂ ಬರಬೇಕು. ಮುಂದಿನ ಸಲಕ್ಕೆ ಏನು ಮಾಡಲಿ?

ಉತ್ತರ: ಟಯರ್ ಅಂಗಡಿಗೆ ಈಗಲೇ ಹೋಗಬೇಡಿ. ನೀವು ಹೇಳಿದ್ದರಲ್ಲಿ ಎರಡು ವಿಷಯ ನನಗೆ ಮುಖ್ಯ ಅನಿಸಿತು. ಒಂದು, ಬೆಳಿಗ್ಗೆ ಚೆನ್ನಾಗಿದ್ದ ಟಯರ್ ಮಧ್ಯಾಹ್ನ ಜಾರಿತು. ಇನ್ನೊಂದು, 32 ಹಾಕಿಸಿದ್ದು ಹೊಸೂರಿನಲ್ಲಿ. ಟ್ರ್ಯಾಕ್‌ನಲ್ಲಿ ನೀವು ಗಾಳಿ ಅಳೆದ ಮಾತೇ ಇಲ್ಲ. ನನ್ನ ಪ್ರಕಾರ ನಿಮ್ಮ ಮೊದಲ ಖರ್ಚು ಒಂದು ಒಳ್ಳೆಯ ಪ್ರೆಷರ್ ಗೇಜ್ ಮತ್ತು ಒಂದು ನೋಟ್‌ಬುಕ್. ಅಷ್ಟೇ.

ಲೆಕ್ಕ ನೋಡೋಣ. ಟಯರಿನೊಳಗಿನ ಗಾಳಿ ಬಿಸಿಯಾದಂತೆ ಒತ್ತಡ ಏರುತ್ತದೆ. ಅಂದಾಜಿಗೆ ಪ್ರತಿ 10 ಡಿಗ್ರಿಗೆ ಒಂದೂವರೆ ಪಿಎಸ್ಐ ಅಂತ ಇಟ್ಟುಕೊಳ್ಳಿ. ಹೊಸೂರಿನಲ್ಲಿ ಬೆಳಗಿನ ಜಾವ 20 ಡಿಗ್ರಿ ಇರುವಾಗ ನೀವು 32 ತುಂಬಿಸಿದಿರಿ. ಮಧ್ಯಾಹ್ನ ಟ್ರ್ಯಾಕ್‌ನಲ್ಲಿ ಜೋರಾಗಿ ಓಡಿಸುವಾಗ ಒಳಗಿನ ಗಾಳಿ 70 ಡಿಗ್ರಿ ತಲುಪಿದರೆ ಗೇಜ್ ಸುಮಾರು 38 ತೋರಿಸುತ್ತದೆ (ಏರಿಕೆ ಏಳೂವರೆ, ಅದರಲ್ಲಿ ಒಂದೂವರೆ ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ). 38ಕ್ಕೆ ಉಬ್ಬಿದ ಟಯರ್ ರಸ್ತೆಗೆ ಮುಟ್ಟುವ ಜಾಗ ಚಿಕ್ಕದಾಗುತ್ತದೆ. ನೆಲದ ಉಬ್ಬುತಗ್ಗನ್ನು ಅದು ನುಂಗುವುದಿಲ್ಲ, ಅದರ ಮೇಲೆ ಕುಣಿಯುತ್ತದೆ. ಆ ಚಿಕ್ಕ ಜಾಗದ ಮೇಲೇ ಎಲ್ಲಾ ಭಾರ, ಎಲ್ಲಾ ಬಿಸಿ. ರಬ್ಬರ್ ತನ್ನ ಮಿತಿಗಿಂತ ಜಾಸ್ತಿ ಬಿಸಿಯಾದರೆ ಮೇಲ್ಪದರ ಎಣ್ಣೆ ಸವರಿದ ಹಾಗೆ ಆಗುತ್ತದೆ. ಮಧ್ಯಾಹ್ನದ ಜಾರಾಟ ಇದೇ ಅಂತ ನನ್ನ ಅನುಮಾನ.

ಈ ಲೆಕ್ಕದಲ್ಲಿ ನಮ್ಮ ಕಡೆಯವರಿಗೆ ಮಾತ್ರ ಬರುವ ಒಂದು ತಮಾಷೆ ಇದೆ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇರುಂಗಾಟ್ಟುಕೋಟೈ ಇರುವುದು ಕೆಳಗೆ, ಶ್ರೀಪೆರಂಬದೂರಿನ ಪಕ್ಕ, ಬಯಲಿನಲ್ಲಿ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಅನ್ನುವುದನ್ನು. ಕೆಳಗೆ ಹೊರಗಿನ ಒತ್ತಡವೇ ಸುಮಾರು ಒಂದೂವರೆ ಪಿಎಸ್ಐ ಜಾಸ್ತಿ. ಹಾಗಾಗಿ ಒಂದು ಹನಿ ಗಾಳಿ ಸೋರದೆ ಹೋದರೂ, ಅದೇ ಉಷ್ಣತೆಯಲ್ಲಿ ಅಳೆದರೆ ಅಲ್ಲಿ ಒಂದೂವರೆ ಕಡಿಮೆ ತೋರಿಸುತ್ತದೆ. ಆದರೆ ಅಲ್ಲಿ ಬೆಳಿಗ್ಗೆಯೇ ಹತ್ತು ಡಿಗ್ರಿ ಸೆಕೆ ಜಾಸ್ತಿ, ಹೋದದ್ದು ಹಾಗೆ ವಾಪಸ್ ಬರುತ್ತದೆ. ಗೇಜ್ ಮತ್ತೆ 32 ಅನ್ನುತ್ತದೆ. ‘ನೋಡಿ, ಹಾಕಿಸಿದಷ್ಟೇ ಇದೆ’ ಅಂತ ನೀವು ನೆಮ್ಮದಿಯಾಗಿ ಟ್ರ್ಯಾಕ್‌ಗೆ ಇಳಿಯುತ್ತೀರಿ! ಹೊಸೂರಿನಲ್ಲಿ ಹಾಕಿಸಿದ ಗಾಳಿ ಹೊಸೂರಿನ ರಸ್ತೆಗೆ. ಟ್ರ್ಯಾಕ್‌ನ ಗಾಳಿಯನ್ನು ಟ್ರ್ಯಾಕ್‌ನಲ್ಲೇ ಹೊಂದಿಸಬೇಕು. ಅಂದಹಾಗೆ ಆ ದಟ್ಟ ಗಾಳಿಯಲ್ಲಿ ಎಂಜಿನ್ ಇಲ್ಲಿಗಿಂತ ಚೂಟಿಯಾಗಿ ಎಳೆಯುತ್ತದೆ. ಅಲ್ಲಿ ಗಾಡಿ ಜೋರಾಗಿ ಓಡಿತು ಅಂತ ನಿಮಗೆ ಅನಿಸಿದ್ದರೆ ಅದು ಬರೀ ಹುರುಪಲ್ಲ.

ಹಾಗಾದರೆ ಎಷ್ಟು ಹಾಕಬೇಕು? ನಿಮ್ಮದು ಮುಂದೆ 110/70, ಹಿಂದೆ 150/60, ಹದಿನೇಳು ಇಂಚು, ರೇಡಿಯಲ್, ರಸ್ತೆಗೆ ಮಾಡಿದ ಟಯರ್. ಗಾಡಿಯ ತೂಕ 174 ಕೆಜಿ ಆಸುಪಾಸು, ಅಷ್ಟೇನೂ ಭಾರವಲ್ಲ. ಇಂಥ ಜೋಡಿಗೆ ನಾನು ತಣ್ಣಗಿರುವಾಗ ಎರಡೂ ಕಡೆ 28ರಿಂದ ಶುರು ಮಾಡುತ್ತೇನೆ. ತಣ್ಣಗೆ ಅಂದರೆ ಟ್ರ್ಯಾಕ್‌ಗೆ ಹೋಗಿ, ನೆರಳಿನಲ್ಲಿ ಒಂದು ಗಂಟೆಯಾದರೂ ನಿಲ್ಲಿಸಿದ ಮೇಲೆ. ಹೈವೇಯಲ್ಲಿ 270 ಕಿಲೋಮೀಟರ್ ಓಡಿಸಿ ಬಂದ ಟಯರನ್ನು ಗೇಟ್ ದಾಟಿದ ಕೂಡಲೇ ಅಳೆದರೆ ಅದು ತಣ್ಣಗಿನ ಲೆಕ್ಕ ಅಲ್ಲ.

ಆದರೆ ಈ 28 ಶುರು ಮಾಡಲು ಒಂದು ಅಂಕಿ, ಅಷ್ಟೇ. ನಿಜವಾದ ಲೆಕ್ಕ ಬಿಸಿ ಇರುವಾಗಿನದು. ಸೆಷನ್ ಮುಗಿದು ಪಿಟ್‌ಗೆ ಬಂದ ಕೂಡಲೇ, ಹೆಲ್ಮೆಟ್ ತೆಗೆಯುವ ಮುಂಚೆ, ನೀರು ಕುಡಿಯುವ ಮುಂಚೆ, ಎರಡೂ ಟಯರ್ ಅಳೆಯಿರಿ. ಐದು ನಿಮಿಷ ಮಾತಾಡಿಕೊಂಡು ನಿಂತರೆ ಆ ಅಂಕಿ ಹೋಯಿತು. ಜೊತೆಗೆ ಒಬ್ಬ ಸ್ನೇಹಿತರಿದ್ದರೆ ಗೇಜ್ ಅವರ ಕೈಯಲ್ಲಿರಲಿ. ನಿಮ್ಮ ರೋಡ್ ಟಯರಿಗೆ ಬಿಸಿಯಲ್ಲಿ 32, 33 ಬಂದರೆ ನನಗೆ ಸಮಾಧಾನ. 35 ದಾಟಿದರೆ ಅಲ್ಲೇ, ಬಿಸಿ ಇರುವಾಗಲೇ, 33ಕ್ಕೆ ಇಳಿಸಿ. ಏರಿಕೆ ಎರಡೇ ಪಿಎಸ್ಐ ಆಗಿದ್ದರೆ ಟಯರ್ ಸರಿಯಾಗಿ ಬಿಸಿಯೇ ಆಗಿಲ್ಲ. ನೀವು ಇನ್ನೂ ನಿಧಾನ ಓಡಿಸುತ್ತಿದ್ದೀರಿ ಅಂತ ಅರ್ಥ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಗಾಳಿ ಇಳಿಸಿ ಬಿಸಿ ಮಾಡುವ ಸಾಹಸ ಮಾತ್ರ ಬೇಡ.

ಗೇಜ್ ಯಾವುದು ಅಂತ ಕೇಳಬಹುದು. ಗಾಳಿ ಬಿಡಲು ಗುಂಡಿ ಇರುವ, ಕೈಯಲ್ಲಿ ಹಿಡಿಯುವ ಯಾವುದೇ ಒಳ್ಳೆಯ ಗೇಜ್ ಸಾಕು. ಪೆಟ್ರೋಲ್ ಬಂಕಿನ ಮೆಷಿನ್‌ಗಳು ಒಂದೊಂದು ಕಡೆ ಒಂದೊಂದು ಲೆಕ್ಕ ಹೇಳುತ್ತವೆ. ನಿಮ್ಮ ಗೇಜ್ ಅರ್ಧ ಪಿಎಸ್ಐ ತಪ್ಪು ತೋರಿಸಿದರೂ ಚಿಂತೆ ಇಲ್ಲ. ಪ್ರತಿ ಸಲ ಅದೇ ಗೇಜ್ ಬಳಸಿದರೆ ಹೋಲಿಕೆಗೆ ಸಾಕು. ನೈಟ್ರೋಜನ್ ಬಗ್ಗೆಯೂ ಜನ ಕೇಳುತ್ತಾರೆ. ಅದರ ಲಾಭವೆಂದರೆ ತೇವ ಇರುವುದಿಲ್ಲ. ಬಿಸಿಯಾದಾಗ ಅದೂ ಗಾಳಿಯಷ್ಟೇ ಹಿಗ್ಗುತ್ತದೆ. ಅದಕ್ಕಾಗಿ ದುಡ್ಡು ಸುರಿಯಬೇಡಿ.

ಈಗ 20ರ ವಿಷಯ. ಆ ಸಲಹೆ ಕೊಟ್ಟವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರು ರೇಸ್ ಟಯರಿನವರು ಅಷ್ಟೇ. ರೇಸ್ ಟಯರಿನ ಒಳಕಟ್ಟು ಬೇರೆ, ಕಡಿಮೆ ಗಾಳಿಯಲ್ಲೂ ಆಕಾರ ಬಿಡದ ಹಾಗೆ ಅದನ್ನು ಕಟ್ಟಿರುತ್ತಾರೆ. ರೋಡ್ ಟಯರಿಗೆ 20 ಹಾಕಿದರೆ ಅದು ಹಿಟ್ಟಿನ ಮುದ್ದೆ ಹಾಗೆ ಪ್ರತಿ ಸುತ್ತಿನಲ್ಲೂ ನಾದಿಸಿಕೊಳ್ಳುತ್ತದೆ. ನಾದಿದಷ್ಟೂ ಬಿಸಿ. ಬಿಸಿ ತಡೆಯಲು ಇಳಿಸಿದ ಗಾಳಿಯೇ ಬಿಸಿಯನ್ನು ಏರಿಸುತ್ತದೆ. ಹ್ಯಾಂಡಲ್ ಭಾರವಾಗುತ್ತದೆ, ಗಾಡಿ ಎಡದಿಂದ ಬಲಕ್ಕೆ ಮಗುಚುವಾಗ ತಡವಾಗಿ ತಿರುಗುತ್ತದೆ.

ಟಯರನ್ನು ಕಣ್ಣಲ್ಲಿ ನೋಡುವುದನ್ನೂ ಕಲಿಯಿರಿ. ಬಲಗಡೆ ಮಾತ್ರ ಜಾರಿತು ಅಂದಿರಿ. ಅದು ಸಹಜ. ಆ ಟ್ರ್ಯಾಕ್‌ನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡುತ್ತೇವೆ, ಸುತ್ತಳತೆ ಸುಮಾರು 3.7 ಕಿಲೋಮೀಟರ್. ಬಲ ತಿರುವುಗಳ ಕೆಲಸವೇ ಜಾಸ್ತಿ, ಮುಖ್ಯ ನೇರ ದಾರಿಯ ಕೊನೆಯಲ್ಲಿ ಬರುವ ಮೊದಲ ತಿರುವೂ ಬಲಕ್ಕೇ, ಅದೂ ಬಹಳ ವೇಗದ್ದು. ಬಲ ಅಂಚು ಬೇಯುತ್ತಿರುವಾಗ ಎಡ ಅಂಚು ತಣ್ಣಗೆ ಕೂತಿರುತ್ತದೆ. ಹಾಗಾಗಿ ಬಲಗಡೆ ಎಷ್ಟು ಹಿಡಿತ ಸಿಕ್ಕಿತೋ ಅಷ್ಟೇ ಎಡಗಡೆಯೂ ಸಿಗುತ್ತದೆ ಅಂತ ನಂಬಿಕೊಂಡು ಎಡ ತಿರುವಿಗೆ ಬೀಳಬೇಡಿ. ಮೊದಲ ಎರಡು ಲ್ಯಾಪ್‌ನಲ್ಲಂತೂ ಬೇಡವೇ ಬೇಡ.

ಬಲ ಅಂಚಿನ ಮೇಲ್ಮೈ ಸಣ್ಣ ಉಪ್ಪುಕಾಗದದ ಹಾಗೆ ಸಮನಾಗಿ ಒರಟಾಗಿದ್ದರೆ ಎಲ್ಲಾ ಸರಿ ಇದೆ. ಹೊಳಪು, ನೀಲಿ ಛಾಯೆ, ಕರಗಿ ಅಂಚಿಗೆ ಹರಿದ ರಬ್ಬರ್ ಕಂಡರೆ ಜಾಸ್ತಿ ಬಿಸಿಯಾಗಿದೆ. ಆಳವಾಗಿ ಕಿತ್ತು, ಚಕ್ಕೆ ಎದ್ದಿದ್ದರೆ ತಣ್ಣಗಿರುವಾಗಲೇ ಜೋರು ಮಾಡಿದ ಗುರುತು. ಇನ್ನೊಂದಿದೆ, ಹೊಸಬರು ಅದನ್ನು ನೋಡಿ ಹೆದರುತ್ತಾರೆ. ಕೊನೆಯ ನಿಧಾನದ ಲ್ಯಾಪ್‌ನಲ್ಲಿ ಟ್ರ್ಯಾಕ್ ಬದಿಯಲ್ಲಿ ಬಿದ್ದ ಬೇರೆಯವರ ರಬ್ಬರ್ ಚೂರುಗಳು ನಿಮ್ಮ ಬಿಸಿ ಟಯರಿಗೆ ಅಂಟಿಕೊಳ್ಳುತ್ತವೆ. ನೋಡಿದರೆ ಟಯರೇ ಹರಿದ ಹಾಗೆ ಕಾಣುತ್ತದೆ. ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ, ಕೆಳಗೆ ಟಯರ್ ನೆಟ್ಟಗಿರುತ್ತದೆ. ನಿಮ್ಮದು ಯಾವುದು ಅಂತ ಮೊದಲು ಕೆರೆದು ನೋಡಿ.

ಹಾಗೇ ಟಯರಿನ ನಡುಭಾಗವನ್ನೂ ನೋಡಿ. ಹೊಸೂರಿನಲ್ಲಿ ಗಾಡಿ ಇಟ್ಟವರದ್ದು ಒಂದು ವಿಶೇಷ ತೊಂದರೆ, ನಮ್ಮ ಓಡಾಟವೆಲ್ಲಾ ನೇರ ಹೈವೇ. ಅತ್ತಿಬೆಲೆ ಕಡೆ ಹೋದರೂ ಅದೇ, ಕೃಷ್ಣಗಿರಿ ಕಡೆ ಹೋದರೂ ಅದೇ. ನಡು ಸವೆದು ಚಪ್ಪಟೆಯಾಗುತ್ತದೆ, ಅಂಚು ಹೊಸದಾಗೇ ಉಳಿಯುತ್ತದೆ. ಅಂಥ ಟಯರಿನ ಗಾಡಿ ಬಾಗುವಾಗ ಆ ಚಪ್ಪಟೆ ಭಾಗದ ಅಂಚು ದಾಟುವ ತನಕ ಬಿಗಿ, ದಾಟಿದ ಮೇಲೆ ದಬಕ್ ಅಂತ ಬೀಳುತ್ತದೆ. ಜನ ಇದನ್ನು ಸಸ್ಪೆನ್ಷನ್ ದೋಷ ಅಂದುಕೊಂಡು ಅದರ ಸ್ಕ್ರೂಗಳನ್ನು ಒಂದೊಂದೇ ಕ್ಲಿಕ್ ತಿರುಗಿಸುತ್ತಾ ಕೂರುತ್ತಾರೆ. ನಡು ಚಪ್ಪಟೆಯಾಗಿದ್ದರೆ ಮಾತ್ರ ಟಯರ್ ಬದಲಿಸಿ. ಹೊಸದು ತರುವಾಗ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಅಂದರೆ 2024ರ 23ನೇ ವಾರದಲ್ಲಿ ಮಾಡಿದ್ದು.

ಸಸ್ಪೆನ್ಷನ್‌ಗೆ ಬರೋಣ. ಸ್ಕ್ರೂಡ್ರೈವರ್ ತಂದವರು ಏನು ಮಾಡಿದರು ಅಂತ ನಿಮಗೆ ಗೊತ್ತಿಲ್ಲ, ಅಲ್ವಾ? ಬಹುಶಃ ಕಂಪ್ರೆಷನ್ (ಸಸ್ಪೆನ್ಷನ್ ಕುಗ್ಗುವ ವೇಗ), ರಿಬೌಂಡ್ (ಮತ್ತೆ ಮೇಲೇಳುವ ವೇಗ) ಎರಡನ್ನೂ ಬಿಗಿ ಮಾಡಿರುತ್ತಾರೆ. ಮೊದಲೇ 38ಕ್ಕೆ ಉಬ್ಬಿದ ಟಯರ್, ಅದರ ಮೇಲೆ ಗಟ್ಟಿ ಸಸ್ಪೆನ್ಷನ್. ಚಕ್ರ ನೆಲವನ್ನು ಹಿಂಬಾಲಿಸಲು ಆಗಲೇ ಇಲ್ಲ. ಇನ್ನೂ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಎಲ್ಲವನ್ನೂ ಕಂಪನಿ ಲೆಕ್ಕಕ್ಕೆ ವಾಪಸ್ ತನ್ನಿ. ಪ್ರತಿ ಸ್ಕ್ರೂವನ್ನು ಮೆಲ್ಲಗೆ, ತಡೆಯುವ ತನಕ, ಒಳಕ್ಕೆ ತಿರುಗಿಸಿ. ಎಷ್ಟು ಕ್ಲಿಕ್ ಆಯಿತು ಬರೆದಿಡಿ, ಅವರು ಏನು ಮಾಡಿದ್ದರು ಅಂತ ಆಗ ಗೊತ್ತಾಗುತ್ತದೆ. ಅಲ್ಲಿಂದ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಕ್ಲಿಕ್ ಹೊರಕ್ಕೆ. ಜೋರು ಕೊಡಬೇಡಿ, ಸ್ಕ್ರೂವಿನ ಒಳಗಿನ ಸೂಜಿ ತುದಿ ಹಾಳಾಗುತ್ತದೆ.

ಆಮೇಲೆ ಸ್ಯಾಗ್ ಅಳೆಯಿರಿ. ನೀವು ಕೂತಾಗ ಗಾಡಿ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ. ಒಬ್ಬರಿಂದ ಆಗುವ ಕೆಲಸವಲ್ಲ, ಮೂರು ಜನ ಬೇಕು. ಹಿಂದಿನ ಚಕ್ರ ನೆಲ ಬಿಟ್ಟು ನೇತಾಡುವ ಹಾಗೆ ಗಾಡಿ ಎತ್ತಿ. ಆಕ್ಸಲ್‌ನಿಂದ ನೇರ ಮೇಲೆ ಹಿಂಭಾಗದ ಒಂದು ಗುರುತಿನ ತನಕ ಅಳೆಯಿರಿ. ಈಗ ನೀವು ಸೂಟ್, ಬೂಟ್, ಹೆಲ್ಮೆಟ್ ಎಲ್ಲಾ ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ ಕೂರಿ. ಒಬ್ಬರು ಗಾಡಿ ಹಿಡಿಯಲಿ, ಇನ್ನೊಬ್ಬರು ಅಳೆಯಲಿ. ಒಂದು ಸಲ ಹಿಂಭಾಗ ಒತ್ತಿ ಮೆಲ್ಲಗೆ ಬಿಟ್ಟು, ಒಂದು ಸಲ ಎತ್ತಿ ಮೆಲ್ಲಗೆ ಬಿಟ್ಟು, ಎರಡರ ಸರಾಸರಿ ತಗೊಳ್ಳಿ. ಚಕ್ರ ನೇತಾಡುವಾಗಿನ ಅಳತೆಯಿಂದ ಇದನ್ನು ಕಳೆದರೆ ಸ್ಯಾಗ್. ಸೀಲುಗಳ ಹಿಡಿತದಿಂದ ಎರಡೂ ಒಂದೇ ಬರುವುದಿಲ್ಲ. ಮುಂದೆಯೂ ಹಾಗೇ, ಫೋರ್ಕಿನ ಹೊಳೆಯುವ ಭಾಗಕ್ಕೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿದರೆ ಸುಲಭ. ಟ್ರ್ಯಾಕ್‌ಗೆ ಮುಂದೆ 30ರಿಂದ 35 ಮಿಲಿಮೀಟರ್, ಹಿಂದೆ 30ರ ಆಸುಪಾಸು ಬರಲಿ. ನೀವು 84 ಕೆಜಿ, ಸೂಟು ಬೂಟು ಸೇರಿ 90 ದಾಟುತ್ತೀರಿ. ಹಾಗಾಗಿ ಹಿಂದೆ ಇದಕ್ಕಿಂತ ಜಾಸ್ತಿ ಕುಗ್ಗುತ್ತಿರಬಹುದು. ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರೀಲೋಡ್ ರಿಂಗ್ ಬಿಗಿ ಮಾಡಿ ಸರಿಪಡಿಸಿ.

ಪ್ರೀಲೋಡ್ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಹಬ್ಬಿದೆ. ಅದನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ. ಆಗುವುದಿಲ್ಲ. ಸ್ಪ್ರಿಂಗ್ ಅದೇ, ಅದರ ಗಡಸುತನವೂ ಅದೇ. ಬದಲಾಗುವುದು ಗಾಡಿ ನಿಲ್ಲುವ ಎತ್ತರ. ಹಿಂಭಾಗ ಕುಸಿದಿದ್ದರೆ ಮುಂಭಾಗ ಹಗುರವಾಗುತ್ತದೆ, ತಿರುವಿನಿಂದ ಹೊರಬರುವಾಗ ಗಾಡಿ ಹೊರಕ್ಕೆ ಎಳೆಯುತ್ತದೆ. ಆಗ ನೀವು ಅದನ್ನು ಒಳಕ್ಕೆ ತರಲು ಇನ್ನೂ ಬಾಗಿಸುತ್ತೀರಿ, ಬಾಗಿಸಿಕೊಂಡೇ ಆಕ್ಸಿಲರೇಟರ್ ಕೊಡುತ್ತೀರಿ. ಮುಂದೆ ಏನಾಗುತ್ತದೆ ಅಂತ ನೀವೇ ನೋಡಿದ್ದೀರಿ. ಗಾಳಿ ಸರಿ ಮಾಡಿದ ಮೇಲೂ ಜಾರಾಟ ಉಳಿದರೆ ನಾನು ಎರಡನೆಯದಾಗಿ ಅನುಮಾನಪಡುವುದು ಇದನ್ನೇ.

ಸ್ಯಾಗ್ ಸರಿಯಾದ ಮೇಲೆ ಕ್ಲಿಕ್‌ಗಳನ್ನು ಮುಟ್ಟಬಹುದು, ಒಂದು ಸಲಕ್ಕೆ ಒಂದನ್ನು ಮಾತ್ರ, ಎರಡೇ ಕ್ಲಿಕ್. ಒಂದು ಸೆಷನ್ ಓಡಿಸಿ, ಬರೆಯಿರಿ. ರಿಬೌಂಡ್ ತೀರಾ ನಿಧಾನವಾದರೆ ಒಂದರ ಹಿಂದೆ ಒಂದು ಉಬ್ಬು ಬಂದಾಗ ಸ್ಪ್ರಿಂಗ್ ಮೇಲೇಳಲು ಸಮಯವೇ ಸಿಗುವುದಿಲ್ಲ, ಗಾಡಿ ಕುಗ್ಗಿಕೊಂಡೇ ಹೋಗುತ್ತದೆ. ತೀರಾ ಬೇಗವಾದರೆ ಕುಪ್ಪಳಿಸುತ್ತದೆ. ಫೋರ್ಕಿಗೆ ಕಟ್ಟಿದ ಟೈ ಬಿಚ್ಚಬೇಡಿ. ದಿನದ ಕೊನೆಗೆ ಅದು ಕೆಳಗೆ ಮುಟ್ಟಲು ಒಂದು ಸೆಂಟಿಮೀಟರ್ ಆಸುಪಾಸು ಉಳಿದಿದ್ದರೆ ಮುಂಭಾಗ ಸರಿಯಾಗಿ ಕೆಲಸ ಮಾಡುತ್ತಿದೆ.

ಸವಾರನ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಎಂಜಿನ್ 34 ಹಾರ್ಸ್‌ಪವರ್. ಸರಿಯಾದ ಬಿಸಿಯಲ್ಲಿರುವ ಟಯರನ್ನು ಅಷ್ಟು ಶಕ್ತಿ ಸುಮ್ನೆ ತಿರುಗಿಸಿಬಿಡುವುದಿಲ್ಲ. ಪೂರ್ತಿ ಬಾಗಿರುವಾಗ ಥಟ್ಟನೆ ತೆರೆದರೆ ಮಾತ್ರ ಕಷ್ಟ. ಗಾಡಿಯನ್ನು ಎತ್ತುತ್ತಾ ತೆರೆಯಿರಿ, ಎತ್ತಿದಷ್ಟೇ ತೆರೆಯಿರಿ. ಜಾರುವ ಮುಂಚೆ ಫುಟ್‌ಪೆಗ್ ನೆಲಕ್ಕೆ ಉಜ್ಜುವ ಸದ್ದು ಬಂದಿತ್ತಾ ನೆನಪಿಸಿಕೊಳ್ಳಿ. ಗಟ್ಟಿ ಭಾಗ ನೆಲಕ್ಕೆ ಒರಗಿದರೆ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಟಯರ್ ಎದ್ದುಬಿಡುತ್ತದೆ. ಅದಕ್ಕೆ ಪರಿಹಾರ ಮೈಯನ್ನು ಒಳಗಡೆ ಇಳಿಸಿ ಕೂರುವುದು, ಅದೇ ವೇಗಕ್ಕೆ ಗಾಡಿ ಕಡಿಮೆ ಬಾಗಿದರೆ ಸಾಕಾಗುತ್ತದೆ. ಇದನ್ನು ದಯವಿಟ್ಟು ಜವಳಗಿರಿ ಕಾಡಿನ ರಸ್ತೆಯಲ್ಲಿ ಅಭ್ಯಾಸ ಮಾಡಬೇಡಿ. ಅಲ್ಲಿ ತಿರುವಿನ ಆಚೆ ಮಣ್ಣು, ದನ, ಆನೆ ಯಾವುದು ಬೇಕಾದರೂ ಇರಬಹುದು. ದೂರವಾದರೂ ಪರವಾಗಿಲ್ಲ ಅಂದರೆ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿ ಕರಿ ಸ್ಪೀಡ್‌ವೇ ಇದೆ. ಎರಡು ಕಿಲೋಮೀಟರ್ ಚಿಲ್ಲರೆಯ ಚಿಕ್ಕ ಟ್ರ್ಯಾಕ್, ನಿಮ್ಮ ಗಾತ್ರದ ಗಾಡಿಗೆ, ಕಲಿಯುವವರಿಗೆ, ನನಗೆ ಅದೇ ಇಷ್ಟ.

ಸ್ಲಿಕ್ ಮತ್ತು ವಾರ್ಮರ್ ಒಂದಕ್ಕೊಂದು ಜೋಡಿ. ಸ್ಲಿಕ್ ಸುಮಾರು 80 ಡಿಗ್ರಿಗೆ ಬೆಂದ ಮೇಲೆ ಹಿಡಿಯುತ್ತದೆ, ತಣ್ಣಗಿದ್ದರೆ ನಿಮ್ಮ ರೋಡ್ ಟಯರಿಗಿಂತ ಅಪಾಯ. ವಾರ್ಮರ್‌ಗೆ ಕರೆಂಟ್ ಬೇಕು, ಗಾಡಿಗೆ ಸ್ಟ್ಯಾಂಡ್ ಬೇಕು, ಸ್ಲಿಕ್ ಹಾಕಿಕೊಂಡು ರಸ್ತೆಗೆ ಇಳಿಯುವಂತಿಲ್ಲ, ಹಾಗಾಗಿ ಟಾಟಾ ಏಸ್ ಬಾಡಿಗೆಯೂ ಸೇರುತ್ತದೆ. ಪ್ರತಿ ಸಲ ಬಿಸಿಯಾಗಿ ತಣಿದಾಗಲೂ ಆ ರಬ್ಬರ್ ಸ್ವಲ್ಪ ಗಟ್ಟಿಯಾಗುತ್ತದೆ, ದಪ್ಪ ಉಳಿದಿದ್ದರೂ ಹಿಡಿತ ಹೋಗುತ್ತದೆ. ವರ್ಷಕ್ಕೆ ಒಂದೆರಡು ಟ್ರ್ಯಾಕ್ ಡೇ ಮಾಡುವವರಿಗೆ ಇದೆಲ್ಲಾ ಬೇಡ. ಈಗಿನ ಟಯರ್ ಸವೆದ ಮೇಲೆ, ರಸ್ತೆಗೂ ನಡೆಯುವ, ಆದರೆ ಅಂಚಿನಲ್ಲಿ ಮೃದು ರಬ್ಬರ್ ಇರುವ ಸ್ಪೋರ್ಟ್ ಟಯರ್ ತಗೊಳ್ಳಿ. ಮಳೆಗಾಲದಲ್ಲಿ ನೀವು ಈಗಿನದನ್ನು ನೆನೆಸಿಕೊಳ್ಳುತ್ತೀರಿ, ಅಷ್ಟು ಮಾತ್ರ ಗೊತ್ತಿರಲಿ.

ನೀವು ಕೇಳದ ಒಂದು ವಿಷಯ: ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ. ಆ ವೇಗದ ನೇರದ ಕೊನೆಯಲ್ಲಿ ಬ್ರೇಕ್ ಲಿವರ್ ಮೆತ್ತಗಾದರೆ ಗಾಳಿಯ ಲೆಕ್ಕವೂ ಬೇಡ, ಸ್ಯಾಗೂ ಬೇಡ. ಹೋಗುವ ಮುಂಚೆ ಬದಲಿಸಿ.

ವಾಪಸ್ ಬರುವಾಗ ಟಯರ್ ತಣಿದ ಮೇಲೆ ಪುಸ್ತಕದಲ್ಲಿ ಹೇಳಿದ ಗಾಳಿಗೆ ತುಂಬಿಸಿಕೊಂಡೇ ಹೈವೇ ಹಿಡಿಯಿರಿ. ರಸ್ತೆಯ ಗುಂಡಿಗೆ ರಿಮ್ ಬಡಿಯದಿರಲಿ. ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲುವುದಿದ್ದರೆ ವಾಪಸ್ ಬರುವಾಗ ನಿಲ್ಲಿ. ಮಧ್ಯಾಹ್ನದ ಸೆಷನ್‌ಗೆ ಮುಂಚೆ ಹೊಟ್ಟೆ ತುಂಬಾ ತಿಂದವರ ಕೈ ನಿಧಾನ.

ಮುಂದಿನ ಸಲ ಹೋಗಿ ಬಂದ ಮೇಲೆ ನನಗೆ ಇಷ್ಟು ಬರೆದು ಕಳಿಸಿ: ಪ್ರತಿ ಸೆಷನ್‌ನ ತಣ್ಣಗಿನ ಮತ್ತು ಬಿಸಿಯ ಗಾಳಿ, ಹಿಂದಿನ ಸ್ಯಾಗ್, ಪ್ರೀಲೋಡ್ ರಿಂಗ್ ಎಷ್ಟು ಬಿಗಿ ಮಾಡಿದಿರಿ, ಫೋರ್ಕಿನ ಟೈ ಎಲ್ಲಿ ನಿಂತಿತು, ಬಲ ಅಂಚಿನ ಒಂದು ಹತ್ತಿರದ ಫೋಟೋ. ಪ್ರೀಲೋಡ್ ಪೂರ್ತಿ ಬಿಗಿ ಮಾಡಿದರೂ ಸ್ಯಾಗ್ 35ಕ್ಕಿಂತ ಕೆಳಗೆ ಬರದಿದ್ದರೆ ನಿಮ್ಮ ತೂಕಕ್ಕೆ ಆ ಸ್ಪ್ರಿಂಗ್ ಸಾಲದು. ಆಗ ಖರ್ಚು ಎಲ್ಲಿ ಮಾಡಬೇಕು ಅಂತ ಮಾತಾಡೋಣ.